ಕಾವಲು ನಾಯಿಗೆ ಅನ್ನ ಹಾಕುವವರು ಯಾರು?

ಶಾಲೆಯ ಕ್ರೀಡೋತ್ಸವವನ್ನು ನೆನಪಿಸಿಕೊಳ್ಳಿ. ಪಿ.ಟಿ. ಮೇಷ್ಟ್ರ ಕೊರಳಲ್ಲಿ ಒಂದೇ ಒಂದು ಸ್ಟಾಪ್‌ವಾಚ್. ಮೈದಾನದ ಈ ತುದಿಯಲ್ಲಿ 400 ಮೀಟರ್ ಓಟ, ಆ ತುದಿಯಲ್ಲಿ ಕಬಡ್ಡಿ. ಓಟದ ಹುಡುಗರು ಅರ್ಧ ಸುತ್ತು ಮುಗಿಸುವ ಹೊತ್ತಿಗೆ ಕಬಡ್ಡಿಯ ಅಂಪೈರ್ ಓಡಿಬಂದು, ‘ಒಂದು ರೈಡಿಗೆ 30 ಸೆಕೆಂಡ್ ನೋಡಬೇಕು ಸಾರ್, ಈಗ ಕೊಟ್ಟುಬಿಡ್ತೀನಿ’ ಎಂದು ಗಡಿಯಾರ ಇಸಿದುಕೊಂಡು ಸೊನ್ನೆಗೆ ತಿರುಗಿಸಿಬಿಟ್ಟರೆ? ಗಡಿಯಾರ ಕೆಟ್ಟಿಲ್ಲ. ಕೇಳಿದವರಿಗೂ ಅದರ ಅಗತ್ಯ ಇತ್ತು. ಆದರೆ ಗೆದ್ದ ಹುಡುಗನ ಸಮಯ ಎಷ್ಟೆಂದು ಇನ್ನು ಯಾರೂ ಹೇಳಲಾರರು.

ಕಂಪ್ಯೂಟರಿನೊಳಗೆ, ಮೊಬೈಲಿನೊಳಗೆ, ಈಗಿನ ಕಾರು ಮತ್ತು ಬಟ್ಟೆ ಒಗೆಯುವ ಯಂತ್ರಗಳೊಳಗೆ ಇಂಥ ಜಗಳ ಆಗಾಗ ನಡೆಯುತ್ತಿರುತ್ತದೆ. ಅಲ್ಲಿರುವ ಗಡಿಯಾರಗಳಿಗೆ ಟೈಮರ್ ಎಂದು ಹೆಸರು. ಚಿಪ್ಪಿನಲ್ಲಿ ಅವು ಬೆರಳೆಣಿಕೆಯಷ್ಟು. ಕೇಳುವ ಕೈಗಳು ಹತ್ತಾರು.

1981ರಲ್ಲಿ ಐಬಿಎಂ ಕಂಪೆನಿ ಹೊರತಂದ ಮೊದಲ ಪಿಸಿಯನ್ನೇ ನೋಡಿ. ಅದರಲ್ಲಿ ಇಂಟೆಲ್ 8253 ಎಂಬ ಪುಟ್ಟ ಚಿಪ್ಪು. ಅದರೊಳಗೆ ಮೂರು ಕೌಂಟರ್‌ಗಳು. ಸೆಕೆಂಡಿಗೆ ಸುಮಾರು 11,93,182 ಸಲ ಮಿಡಿಯುವ ನಾಡಿಯನ್ನು ಇವು ಎಣಿಸುತ್ತಿದ್ದವು. ಮೊದಲನೆಯದು 65,536 ಮಿಡಿತಕ್ಕೊಮ್ಮೆ, ಅಂದರೆ ಸೆಕೆಂಡಿಗೆ 18.2 ಸಲ, ಪ್ರೊಸೆಸರನ್ನು ಕೂಗಿ ಎಬ್ಬಿಸುತ್ತಿತ್ತು. ಡಾಸ್ ತನ್ನ ಹೊತ್ತನ್ನು ಲೆಕ್ಕ ಹಾಕುತ್ತಿದ್ದುದು ಈ ಕೂಗಿನಿಂದಲೇ. ಎರಡನೆಯದು ಮೆಮೊರಿ ಚಿಪ್ಪುಗಳು ತಮ್ಮಲ್ಲಿರುವುದನ್ನು ಮರೆಯದಂತೆ ಆಗಾಗ ಎಚ್ಚರಿಸಲಿಕ್ಕೆ. ಮೂರನೆಯದು ಸ್ಪೀಕರಿನಿಂದ ‘ಬೀಪ್’ ಎನ್ನಿಸಲಿಕ್ಕೆ.

ಸೆಕೆಂಡಿಗೆ 18 ಕೂಗು ಡಾಸ್‌ಗೇನೋ ಸಾಕು. ಆಟದ ಪ್ರೋಗ್ರಾಮುಗಳಿಗೆ ಸಾಲದು. ಸಂಗೀತ ನುಡಿಸಬೇಕು, ಗೊಂಬೆಗಳನ್ನು ನುಣುಪಾಗಿ ಓಡಿಸಬೇಕು. ಅವು ಯಾರನ್ನೂ ಕೇಳದೆ ಮೊದಲನೆಯ ಕೌಂಟರನ್ನು ಚುರುಕುಗೊಳಿಸಿಬಿಡುತ್ತಿದ್ದವು. ಪ್ರಾಮಾಣಿಕ ಪ್ರೋಗ್ರಾಮರನಾದರೆ ಕೂಗುಗಳಲ್ಲಿ ಡಾಸ್‌ನ ಪಾಲನ್ನು ಮಾತ್ರ ಲೆಕ್ಕ ಹಾಕಿ ದಾಟಿಸುತ್ತಿದ್ದ, ಆಟ ಮುಗಿದ ಮೇಲೆ ಕೌಂಟರನ್ನು ಹಳೆಯ ವೇಗಕ್ಕೆ ತರುತ್ತಿದ್ದ. ಅವಸರದವನಾದರೆ ಎರಡನ್ನೂ ಬಿಡುತ್ತಿದ್ದ. ಆಗ ಡಾಸ್‌ನ ಗಡಿಯಾರ ಒಂದೋ ನಿಂತಲ್ಲೇ ನಿಲ್ಲುತ್ತಿತ್ತು, ಇಲ್ಲವೇ ನಾಗಾಲೋಟದಲ್ಲಿ ಓಡುತ್ತಿತ್ತು.

ಈ ಯಜಮಾನನಿಲ್ಲದ ಮನೆಯ ಪಾಡು ತಪ್ಪಲೆಂದೇ ಯುನಿಕ್ಸ್, ಲಿನಕ್ಸ್‌ಗಳಂಥ ವ್ಯವಸ್ಥೆಗಳಲ್ಲಿ ಯಂತ್ರದ ಕೀಲಿಕೈಗಳನ್ನೆಲ್ಲ ಕರ್ನಲ್ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತದೆ. (ಸೈನ್ಯದ ಕರ್ನಲ್ ಅಲ್ಲ, ಇದರ ಅರ್ಥ ತಿರುಳು ಎಂದು.) ಪ್ರಿಂಟರ್, ಕ್ಯಾಮೆರಾ, ಟೈಮರ್ ಹೀಗೆ ಒಂದೊಂದು ಯಂತ್ರಭಾಗವನ್ನೂ ನೋಡಿಕೊಳ್ಳಲು ಕರ್ನಲ್ ನೇಮಿಸಿದ ಆಳುಗಳೇ ಡಿವೈಸ್ ಡ್ರೈವರ್‌ಗಳು. ಟೈಮರ್ ಬೇಕಾದವರು ಕರ್ನಲನ್ನು ಕೇಳಬೇಕು. ಕರ್ನಲ್ ಒಂದೇ ಗಡಿಯಾರವನ್ನು ನೋಡಿಕೊಂಡು ನೂರು ಮಂದಿಗೆ ‘ನಿನ್ನ ಹೊತ್ತಾಯಿತು’ ಎಂದು ತಿಳಿಸುತ್ತದೆ. ಪಿ.ಟಿ. ಮೇಷ್ಟ್ರು ಸ್ಟಾಪ್‌ವಾಚನ್ನು ಯಾರ ಕೈಗೂ ಕೊಡದೆ ತಾವೇ ನೋಡಿ ಹೇಳಿದ ಹಾಗೆ.

ಹಾಗಿದ್ದರೆ ಜಗಳ ಮುಗಿಯಿತಲ್ಲ ಎನ್ನುತ್ತೀರಾ? ಮುಗಿದಿಲ್ಲ. ಅದನ್ನು ಕಾಣಲು ದೊಡ್ಡ ಪ್ರಯೋಗಾಲಯವೂ ಬೇಕಿಲ್ಲ.

ಸುಟ್ಟಿಲ್ಲದ ಮೋಟರು

ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳು ಆರ್ಡುಯಿನೊ ಊನೊ ಎಂಬ ಅಂಗೈ ಅಗಲದ ಬೋರ್ಡನ್ನು ತಂದು ರೋಬಾಟ್ ಮಾಡುವುದನ್ನು ಅಪ್ಪ ಅಮ್ಮಂದಿರು ನೋಡಿರುತ್ತೀರಿ. 9ನೇ ಪಿನ್ನಿಗೆ ಒಂದು ದೀಪ. ಅದು ಮೆಲ್ಲಗೆ ಬೆಳಗಿ ಮೆಲ್ಲಗೆ ಆರುತ್ತದೆ. ಚೆನ್ನಾಗಿದೆ. ಮರುದಿನ ಮಗಳು ಬೇರೊಂದು ಪಿನ್ನಿಗೆ ಕೈ ಆಡಿಸುವ ಪುಟ್ಟ ಸರ್ವೋ ಮೋಟರ್ ಜೋಡಿಸುತ್ತಾಳೆ. ಮೋಟರು ತಿರುಗುತ್ತದೆ, ದೀಪ ಮಾತ್ರ ಮಂಕಾಗುವುದನ್ನೇ ಮರೆಯುತ್ತದೆ. ‘ದೀಪ ಹೋಯ್ತು’, ‘ಬೋರ್ಡ್ ಸುಟ್ಟಿದೆ’ ಎಂದು ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಇನ್ನೊಂದು ಓಟ.

ಏನೂ ಸುಟ್ಟಿರುವುದಿಲ್ಲ. ಆ ಬೋರ್ಡಿನ ಚಿಪ್ಪಿನಲ್ಲಿರುವುದು ಮೂರೇ ಟೈಮರ್: 0, 1 ಮತ್ತು 2. ಸೊನ್ನೆಯನ್ನು ಹೊತ್ತು ಅಳೆಯುವ ಕೆಲಸಕ್ಕೆ ಬೋರ್ಡ್ ತಾನೇ ಇಟ್ಟುಕೊಂಡಿದೆ. ಸರ್ವೋ ಮೋಟರಿನ ಸಿದ್ಧ ಪ್ರೋಗ್ರಾಮು 1ನೆಯದನ್ನು ತೆಗೆದುಕೊಳ್ಳುತ್ತದೆ. 9 ಮತ್ತು 10ನೇ ಪಿನ್ನುಗಳಲ್ಲಿ ದೀಪವನ್ನು ಮಂಕುಗೊಳಿಸುವ ಕೆಲಸವೂ ಅದೇ ಟೈಮರಿನದು. ಮೋಟರು ಬಂತು, ದೀಪದ ಗಡಿಯಾರ ಹೋಯಿತು. ಸ್ವರ ಹೊರಡಿಸುವ ‘ಟೋನ್’ ಆಜ್ಞೆ ಕೊಟ್ಟರೆ ಹೀಗೆಯೇ 2ನೆಯ ಟೈಮರ್ ಅದರ ಪಾಲಾಗಿ 3 ಮತ್ತು 11ನೇ ಪಿನ್ನುಗಳಿಗೆ ತೊಂದರೆ. ಹೀಗಾಗುತ್ತದೆ ಎಂದು ಅದರ ಕೈಪಿಡಿಯಲ್ಲಿ ಬರೆದೇ ಇದೆ. ಆದರೆ ನಮ್ಮಲ್ಲಿ ಕೈಪಿಡಿ ಓದುವುದು ಸಾಮಾನ್ಯವಾಗಿ ಎರಡನೆಯ ಮೋಟರು ಕೊಂಡ ಮೇಲೆ!

ಇದಕ್ಕಿಂತ ದೊಡ್ಡ ಅಣ್ಣ ರಾಸ್‌ಬೆರಿ ಪೈ. ಅದರ ಮೊದಲ ಮಾದರಿಯ ಟೈಮರಿನಲ್ಲಿ ನಾಲ್ಕು ಅಲಾರಾಂ ಇಡಬಹುದು. ಅವುಗಳಲ್ಲಿ 0 ಮತ್ತು 2 ಚಿತ್ರ ಮೂಡಿಸುವ ಭಾಗದ ಸ್ವಂತ ಬಳಕೆಗೆ. ಅದರ ಮೇಲೆ ಲಿನಕ್ಸ್ ಕರ್ನಲಿನ ಅಧಿಕಾರ ನಡೆಯುವುದಿಲ್ಲ. ಲಿನಕ್ಸಿನ ಡ್ರೈವರ್ 3ನೆಯದನ್ನು ಹಿಡಿದುಕೊಂಡು ಸುಮ್ಮನಿರುತ್ತದೆ. ಅಂದರೆ ಮನೆಯಲ್ಲಿ ಇಬ್ಬರು ಯಜಮಾನರು, ಗೋಡೆಯ ಮೇಲೆ ಸುಣ್ಣದ ಗೆರೆ. ಗೆರೆ ದಾಟಿದ ಡ್ರೈವರಿಗೆ ‘ತಪ್ಪು’ ಎಂದು ಹೇಳುವವರು ಯಾರೂ ಇಲ್ಲ. ಪರದೆ ತಟ್ಟನೆ ಸ್ತಬ್ಧವಾದಾಗಲೇ ಗೊತ್ತಾಗುವುದು.

ಕಾವಲು ನಾಯಿ

ಸ್ತಬ್ಧವಾದ ಯಂತ್ರವನ್ನು ಎಬ್ಬಿಸುವವರು ಯಾರು? ಮೇಜಿನ ಮೇಲಿನ ಕಂಪ್ಯೂಟರಾದರೆ ನಾವೇ ಗುಂಡಿ ಒತ್ತುತ್ತೇವೆ. ಕಾರಿನ ಎಂಜಿನ್ನಿನೊಳಗೋ ಚಂದ್ರನ ಸುತ್ತಲೋ ಇರುವ ಕಂಪ್ಯೂಟರಿಗೆ ಗುಂಡಿ ಒತ್ತಲು ಯಾರು ಹೋಗುತ್ತಾರೆ? ಅದಕ್ಕೆಂದೇ ಇರುವ ವಿಶೇಷ ಟೈಮರಿಗೆ ವಾಚ್‌ಡಾಗ್, ಅಂದರೆ ಕಾವಲು ನಾಯಿ ಎಂದು ಹೆಸರು. ಇದು ಕೆಳಮುಖವಾಗಿ ಎಣಿಸುತ್ತಿರುತ್ತದೆ. ಸೊನ್ನೆ ಮುಟ್ಟುವುದರೊಳಗೆ ಪ್ರೋಗ್ರಾಮು ಬಂದು ‘ನಾನು ಎಚ್ಚರವಾಗಿದ್ದೇನೆ’ ಎಂದು ತುತ್ತು ಹಾಕಬೇಕು. ಆಗ ಎಣಿಕೆ ಮತ್ತೆ ಮೊದಲಿನಿಂದ. ತುತ್ತು ಬರಲಿಲ್ಲವೋ, ಪ್ರೋಗ್ರಾಮು ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ತೀರ್ಮಾನಿಸಿ ನಾಯಿ ಕಚ್ಚುತ್ತದೆ. ಕಚ್ಚುವುದೆಂದರೆ ಇಡೀ ಕಂಪ್ಯೂಟರನ್ನು ಹೊಸದಾಗಿ ಆರಂಭಿಸುವುದು.

ನಮ್ಮ ರೈಲು ಎಂಜಿನ್ನುಗಳಲ್ಲಿ ಇದರ ಅಣ್ಣತಮ್ಮನಂಥ ಒಂದು ಸಾಧನವಿದೆ. ಚಾಲಕ ಸುಮಾರು ಒಂದು ನಿಮಿಷದ ಕಾಲ ಯಾವ ಹಿಡಿಯನ್ನೂ ಮುಟ್ಟದೆ ಕೂತರೆ ದೀಪ ಮಿನುಗುತ್ತದೆ, ಆಮೇಲೆ ಬಜರ್ ಕೂಗುತ್ತದೆ. ಅಷ್ಟಕ್ಕೂ ಆತ ಗುಂಡಿ ಒತ್ತದಿದ್ದರೆ ರೈಲು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ನಿದ್ದೆ ಬಂದವನು ಗುಂಡಿ ಒತ್ತಲಾರ ಎಂಬ ನಂಬಿಕೆಯೇ ಇದರ ಬುನಾದಿ.

ಈ ನಾಯಿಯನ್ನು ಸಾಕಿಯೂ ಬಿಚ್ಚದೆ ಬಿಟ್ಟವರಿದ್ದಾರೆ. ಅಮೆರಿಕದ ಕ್ಲೆಮೆಂಟೈನ್ ಎಂಬ ಗಗನನೌಕೆ 1994ರ ಜನವರಿ 25ರಂದು ಹೊರಟು ಎರಡು ತಿಂಗಳಿಗೂ ಹೆಚ್ಚು ಕಾಲ ಚಂದ್ರನ ಚಿತ್ರಗಳನ್ನು ಸೊಗಸಾಗಿ ತೆಗೆಯಿತು. ಮುಂದೆ ಜಿಯಾಗ್ರಫಾಸ್ ಎಂಬ ಕ್ಷುದ್ರಗ್ರಹದ ಕಡೆಗೆ ಹೋಗಬೇಕಿತ್ತು. ಮೇ 7ರಂದು ಅದರ ಕಂಪ್ಯೂಟರ್ ದಾರಿ ತಪ್ಪಿತು. ಪುಟ್ಟ ರಾಕೆಟ್ಟುಗಳು 11 ನಿಮಿಷ ಸತತವಾಗಿ ಉರಿದು ಇಂಧನ ಖಾಲಿ. ನೌಕೆ ನಿಮಿಷಕ್ಕೆ 80 ಸುತ್ತಿನಂತೆ ಬುಗುರಿಯಾಯಿತು. ಅದರ ಪ್ರೊಸೆಸರಿನಲ್ಲಿ ಕಾವಲು ನಾಯಿ ಇತ್ತು. ಅದನ್ನು ಬಳಸುವ ಪ್ರೋಗ್ರಾಮು ಮಾತ್ರ ಇರಲಿಲ್ಲ.

ತುತ್ತು ಹಾಕುವ ಕೈ

ನಾಯಿ ಇದೆ, ಬಿಚ್ಚಿಯೂ ಇದೆ. ಆದರೂ ಅದು ನಿಷ್ಪ್ರಯೋಜಕವಾಗುವ ಒಂದು ದಾರಿಯಿದೆ. ಈ ಲೇಖನದ ಹೂರಣವೇ ಅದು, ವಿದ್ಯಾರ್ಥಿಗಳು ಸ್ವಲ್ಪ ನಿಧಾನಿಸಿ ಓದಿ.

ಟೈಮರ್ ಆಗಾಗ ಪ್ರೊಸೆಸರನ್ನು ಕೂಗುತ್ತದೆ ಎಂದೆನಲ್ಲ, ಆ ಕೂಗಿಗೆ ಇಂಟರಪ್ಟ್ ಎಂದು ಹೆಸರು. ಪ್ರೊಸೆಸರ್ ಕೈಯಲ್ಲಿದ್ದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಅದಕ್ಕೆ ಓಗೊಡುತ್ತದೆ, ಆಮೇಲೆ ಹಿಂತಿರುಗುತ್ತದೆ. ಅವಸರದ ಪ್ರೋಗ್ರಾಮರನಿಗೆ ಇದನ್ನು ಕಂಡರೆ ಒಂದು ಯೋಚನೆ ಬರುತ್ತದೆ: ನಾಯಿಗೂ ಆಗಾಗ ತುತ್ತು ಬೇಕು, ಟೈಮರೂ ಆಗಾಗ ಕೂಗುತ್ತದೆ, ಆ ಕೂಗಿನಲ್ಲೇ ತುತ್ತು ಹಾಕಿಸಿಬಿಟ್ಟರೆ? ಒಂದು ಸಾಲು ಬರೆದರೆ ಮುಗಿಯಿತು. ನಾಯಿ ಎಂದೂ ಕಚ್ಚುವುದಿಲ್ಲ, ಪರೀಕ್ಷೆಯಲ್ಲಿ ಎಲ್ಲ ಸರಿ.

ಎಂದೂ ಕಚ್ಚುವುದಿಲ್ಲ ಎನ್ನುವುದೇ ತೊಂದರೆ. ಮುಖ್ಯ ಪ್ರೋಗ್ರಾಮು ಸತ್ತು ಬಿದ್ದಿದ್ದರೂ ಟೈಮರ್ ತನ್ನ ಪಾಡಿಗೆ ಕೂಗುತ್ತಲೇ ಇರುತ್ತದೆ, ಕೂಗಿದಾಗಲೆಲ್ಲ ನಾಯಿಗೆ ಊಟ ಸಿಗುತ್ತದೆ. ರೈಲಿನ ಗುಂಡಿಯನ್ನು ನಿಮಿಷಕ್ಕೊಮ್ಮೆ ಒತ್ತುವ ಒಂದು ಯಂತ್ರವನ್ನು ಚಾಲಕ ಕಟ್ಟಿಟ್ಟು ಮಲಗಿದರೆ ಹೇಗೋ ಹಾಗೆ.

ಇದು ನ್ಯಾಯಾಲಯದ ಮೆಟ್ಟಿಲು ಹತ್ತಿದ ವಿಚಾರ. 2007ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ 2005ರ ಮಾದರಿಯ ಟೊಯೊಟಾ ಕ್ಯಾಮ್ರಿ ಕಾರೊಂದು ಹತೋಟಿ ತಪ್ಪಿ ಅಪಘಾತವಾಯಿತು. ಜೊತೆಗಿದ್ದವರು ತೀರಿಕೊಂಡರು, ಚಾಲಕಿಗೆ ತೀವ್ರ ಗಾಯ. ಕಾರು ತಾನಾಗಿಯೇ ವೇಗ ಪಡೆದುಕೊಂಡಿತು ಎಂಬುದು ದೂರು. 2013ರ ಅಕ್ಟೋಬರಿನಲ್ಲಿ ವಿಚಾರಣೆ ನಡೆದಾಗ ತಜ್ಞ ಸಾಕ್ಷಿಯಾಗಿ ಬಂದ ಮೈಕಲ್ ಬಾರ್ ಎಂಬ ಎಂಜಿನಿಯರ್ ಹೇಳಿದ ಹಲವು ಮಾತುಗಳಲ್ಲಿ ಒಂದು ಇದು: ಎಂಜಿನ್ ಕಂಪ್ಯೂಟರಿನ ವಾಚ್‌ಡಾಗಿಗೆ ತುತ್ತು ಹಾಕುತ್ತಿದ್ದುದು ಟೈಮರಿನ ಇಂಟರಪ್ಟ್, ಆದ್ದರಿಂದ ಒಳಗಿನ ಯಾವುದಾದರೂ ಒಂದು ಕಾರ್ಯ ಸತ್ತುಹೋದರೆ ನಾಯಿಗೆ ಅದು ತಿಳಿಯುವಂತಿರಲಿಲ್ಲ. ಕಂಪೆನಿ ತನ್ನ ಸಾಫ್ಟ್‌ವೇರಿನ ಮೇಲಿನ ಆರೋಪವನ್ನು ಒಪ್ಪಲಿಲ್ಲ. 2011ರ ನಾಸಾ ವರದಿಯಲ್ಲೂ ಇಂಥ ವೇಗಕ್ಕೆ ಎಲೆಕ್ಟ್ರಾನಿಕ್ ದೋಷವೇ ಕಾರಣವೆಂಬುದಕ್ಕೆ ಆಧಾರ ಸಿಕ್ಕಿರಲಿಲ್ಲ. ಆದರೆ ಪಂಚಾಯ್ತರ ಮಂಡಲಿ ದೂರುದಾರರ ಪರ ನಿಂತು 30 ಲಕ್ಷ ಡಾಲರ್ ಪರಿಹಾರಕ್ಕೆ ಹೇಳಿತು. ಮುಂದೆ ರಾಜಿಯಾಯಿತು. ಅಂದು ಆ ಕಾರಿನಲ್ಲಿ ನಡೆದದ್ದೇನು ಎಂಬ ವಾದ ಏನೇ ಇರಲಿ, ತುತ್ತು ಹಾಕುವ ಕೈಯನ್ನು ಕುರಿತ ಬಾರ್ ಮಾತು ಎಂಜಿನಿಯರಿಂಗ್ ಓದುವವರು ಕಿವಿಗೊಟ್ಟು ಕೇಳಬೇಕಾದದ್ದು.

ಹಾಗಾದರೆ ಸರಿಯಾದ ಕ್ರಮ ಯಾವುದು? ಪ್ರತಿಯೊಂದು ಮುಖ್ಯ ಕಾರ್ಯವೂ ತನ್ನ ಪಾಳಿ ಮುಗಿಸಿದಾಗ ಒಂದು ಗುರುತು ಹಾಕಲಿ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ ಹಾಗೆ. ಒಬ್ಬ ಮೇಲ್ವಿಚಾರಕ ಎಲ್ಲರ ಸಹಿಯೂ ಇದೆಯೆಂದು ನೋಡಿದ ಮೇಲಷ್ಟೇ ತುತ್ತು ಹಾಕಲಿ, ಹಾಕಿ ಸಹಿಗಳನ್ನು ಅಳಿಸಲಿ. ಒಬ್ಬ ಗೈರುಹಾಜರಾದರೂ ನಾಯಿ ಕಚ್ಚುತ್ತದೆ. ಬರೆಯಲು ಒಂದು ಸಾಲಿಗೆ ಬದಲು ಐವತ್ತು ಸಾಲು ಬೇಕಾದೀತು. ಬೇಕಾಗಲಿ.

ಮಂಗಳನಲ್ಲಿ ಕಚ್ಚಿದ ನಾಯಿ

ನಾಯಿ ಸರಿಯಾಗಿಯೇ ಕಚ್ಚಿದ ಕತೆಯೂ ಇದೆ. 1997ರ ಜುಲೈ 4ರಂದು ಪಾತ್‌ಫೈಂಡರ್ ನೌಕೆ ಮಂಗಳನ ಮೇಲಿಳಿಯಿತು. ಕೆಲವು ದಿನಗಳಲ್ಲೇ ಅದರ ಕಂಪ್ಯೂಟರ್ ಮತ್ತೆ ಮತ್ತೆ ತಾನಾಗಿ ಹೊಸದಾಗಿ ಆರಂಭವಾಗತೊಡಗಿತು. ಹೀಗಾದಾಗಲೆಲ್ಲ ಆ ದಿನದ ಉಳಿದ ಕೆಲಸ ಮರುದಿನಕ್ಕೆ.

ಅದರ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 8 ಸಲ ಒಂದು ಸುತ್ತು. ಪ್ರತಿ ಸುತ್ತಿನಲ್ಲೂ ಒಂದು ಮೇಲ್ದರ್ಜೆಯ ಕಾರ್ಯ ಉಪಕರಣಗಳಿಂದ ಬಂದ ಮಾಹಿತಿಯನ್ನು ಹಂಚಬೇಕು. ಹಂಚಿಕೆ ಮುಗಿಯಿತೇ ಎಂದು ಇನ್ನೊಂದು ಕಾರ್ಯ ನೋಡುತ್ತದೆ, ಮುಗಿದಿಲ್ಲವಾದರೆ ರೀಸೆಟ್. ಮುಗಿಯದಿರಲು ಕಾರಣ ಸ್ವಾರಸ್ಯವಾಗಿದೆ. ಹೆಡ್‌ಮಾಸ್ತರಿಗೆ ಕಪಾಟಿನ ಕೀಲಿಕೈ ಬೇಕು ಎಂದುಕೊಳ್ಳಿ. ಅದು ಒಂದನೇ ಕ್ಲಾಸಿನ ಪುಟ್ಟನ ಕೈಯಲ್ಲಿದೆ. ಒಂದು ಪುಸ್ತಕ ಇಟ್ಟು ಕೀಲಿ ಕೊಟ್ಟುಬಿಡುತ್ತಾನೆ. ಅಷ್ಟರಲ್ಲಿ ಏಳನೇ ಕ್ಲಾಸಿನವರು ಒಬ್ಬರಾದ ಮೇಲೊಬ್ಬರು ಬಂದು ‘ಸೀಮೆಸುಣ್ಣ ತಾ’, ‘ನೀರು ತಾ’ ಎಂದು ಪುಟ್ಟನನ್ನು ಓಡಾಡಿಸುತ್ತಾರೆ. ಪುಟ್ಟ ಅವರಿಗೆ ಎದುರಾಡಲಾರ. ಅವರಿಗೆ ಹೆಡ್‌ಮಾಸ್ತರು ಕಾಯುತ್ತಿರುವುದೇ ಗೊತ್ತಿಲ್ಲ. ಎಲ್ಲರಿಗಿಂತ ದೊಡ್ಡವರು ಬಾಗಿಲಲ್ಲಿ ನಿಂತೇ ಇದ್ದಾರೆ!

ಪಾತ್‌ಫೈಂಡರಿನಲ್ಲಿ ಪುಟ್ಟನ ಜಾಗದಲ್ಲಿದ್ದದ್ದು ಮಂಗಳನ ಹವೆಯ ಮಾಹಿತಿ ಸಂಗ್ರಹಿಸುವ ಕೆಳದರ್ಜೆಯ ಕಾರ್ಯ. ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಗ್ಲೆನ್ ರೀವ್ಸ್ ನಾಯಕತ್ವದ ಸಾಫ್ಟ್‌ವೇರ್ ತಂಡ ನೌಕೆಯ ಪ್ರತಿರೂಪವನ್ನೇ ಓಡಿಸಿ ಇದನ್ನು ಹಿಡಿಯಿತು. ಮದ್ದು ಸಿದ್ಧವಾಗಿಯೇ ಇತ್ತು: ಕೀಲಿಕೈ ಹಿಡಿದಿರುವಷ್ಟು ಹೊತ್ತು ಪುಟ್ಟನಿಗೂ ಹೆಡ್‌ಮಾಸ್ತರ ದರ್ಜೆ. ಈ ಉಪಾಯವನ್ನು ಸಿದ್ಧಾಂತವಾಗಿ ವಿವರಿಸಿ 1990ರಲ್ಲಿ ಲೇಖನ ಪ್ರಕಟಿಸಿದ ಮೂವರಲ್ಲಿ ಒಬ್ಬರು ಭಾರತೀಯ ಮೂಲದ ರಾಗುನಾಥನ್ ರಾಜ್‌ಕುಮಾರ್. ನೌಕೆಯಲ್ಲಿದ್ದ ವಿಎಕ್ಸ್‌ವರ್ಕ್ಸ್ ಕರ್ನಲಿನಲ್ಲಿ ಅದಕ್ಕೊಂದು ಆಯ್ಕೆ ಇತ್ತು, ಒತ್ತಿರಲಿಲ್ಲ. ಭೂಮಿಯಿಂದ ಸಂದೇಶ ಕಳಿಸಿ ಒತ್ತಲಾಯಿತು. ತೊಂದರೆ ನಿಂತಿತು.

ಕತೆಯಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಸಂಗತಿ. ನೌಕೆ ಇಳಿಯುವ ಮೊದಲೇ ಪರೀಕ್ಷೆಯ ವೇಳೆ ಇಂಥ ರೀಸೆಟ್ ಕಂಡಿತ್ತು. ಬೆನ್ನುಹತ್ತಿದಾಗ ಮತ್ತೆ ಕಾಣಲಿಲ್ಲ. ನಮ್ಮ ಮನೆಯ ಸೆಟ್‌ಟಾಪ್ ಬಾಕ್ಸಿಗೆ ನಾವು ಕೊಡುವ ‘ಆಫ್ ಮಾಡಿ ಆನ್ ಮಾಡು’ ಚಿಕಿತ್ಸೆಯ ಅಪಾಯ ಇದೇ: ಗುಣವಾದಂತೆ ಕಾಣುತ್ತದೆ, ರೋಗ ಯಾವುದೆಂದು ತಿಳಿಯುವುದೇ ಇಲ್ಲ.

ಲಿನಕ್ಸಿನ ಮನೆಯ ನಿಯಮಗಳು

ಕಾಲೇಜಿನಲ್ಲಿ ಡ್ರೈವರ್ ಬರೆಯಲು ಕೂರುವವರಿಗೆ ಕೆಲವು ಮಾತು. ಲಿನಕ್ಸಿನಲ್ಲಿ ಡ್ರೈವರ್ ಒಂದು ಯಂತ್ರಭಾಗದ ವಿಳಾಸವನ್ನು ಮುಟ್ಟುವ ಮುನ್ನ ಕರ್ನಲಿನ ದಾಖಲೆಯಲ್ಲಿ ಹೆಸರು ಬರೆಸಬೇಕು. ಬೇರೆಯವರು ಆಗಲೇ ಬರೆಸಿದ್ದರೆ ‘ಬಿಜಿ’ ಎಂಬ ಉತ್ತರ ಬರುತ್ತದೆ. ಕೆಲವು ವಿದ್ಯಾರ್ಥಿಗಳು ಈ ಉತ್ತರ ಕಂಡು ಸಿಟ್ಟಾಗಿ ಹೆಸರು ಬರೆಸುವ ಸಾಲನ್ನೇ ಕಿತ್ತುಹಾಕುತ್ತಾರೆ. ಡ್ರೈವರ್ ಓಡುತ್ತದೆ, ಅಲ್ಲಿಗೆ ನಾವು ಮತ್ತೆ ಡಾಸ್ ಕಾಲಕ್ಕೆ ಹೋದೆವು. ‘ಬಿಜಿ’ ಎನ್ನುವುದು ಬೈಗುಳವಲ್ಲ, ಜಗಳ ಮೊದಲೇ ಪತ್ತೆಯಾಯಿತು ಎಂಬ ಶುಭವಾರ್ತೆ.

ವಾಚ್‌ಡಾಗಿಗೂ ಇದೇ ನಿಯಮ. ಅದರ ಕಡತವನ್ನು ಒಂದು ಹೊತ್ತಿಗೆ ಒಬ್ಬರೇ ತೆರೆಯಬಹುದು. ಸಿಸ್ಟಮ್‌ಡಿ ಆಗಲೇ ಅದನ್ನು ಹಿಡಿದಿದ್ದು, ತಿಳಿಯದೆ ಇನ್ನೊಂದು ಕಾವಲು ಪ್ರೋಗ್ರಾಮನ್ನೂ ಹಾಕಿಕೊಂಡರೆ ಎರಡನೆಯದಕ್ಕೆ ಬಾಗಿಲು ಮುಚ್ಚಿರುತ್ತದೆ. ತೆರೆದ ಕ್ಷಣದಿಂದ ಎಣಿಕೆ ಶುರು. ಸುಮ್ಮನೆ ಮುಚ್ಚಿದರೆ ಅನೇಕ ಡ್ರೈವರುಗಳಲ್ಲಿ ನಾಯಿ ನಿಲ್ಲುವುದಿಲ್ಲ. ಮುಚ್ಚುವ ಮೊದಲು ಇಂಗ್ಲಿಷಿನ ‘ವಿ’ ಅಕ್ಷರವನ್ನು ಬರೆದರೆ ಮಾತ್ರ ನಿಲ್ಲುತ್ತದೆ. ತುತ್ತು ಹಾಕುವ ಪ್ರೋಗ್ರಾಮು ಸತ್ತರೂ ಕಡತ ಮುಚ್ಚಿಕೊಳ್ಳುತ್ತದಲ್ಲ, ಆ ಸಾವನ್ನು ರಾಜೀನಾಮೆಯಿಂದ ಬೇರೆಯಾಗಿ ಗುರುತಿಸಲು ಈ ಗುಟ್ಟಿನ ಅಕ್ಷರ. ‘ನೋವೇಔಟ್’ ಎಂಬ ಆಯ್ಕೆ ಹಾಕಿದ್ದರೆ ಅದಕ್ಕೂ ಬಗ್ಗುವುದಿಲ್ಲ.

ರಾಸ್‌ಬೆರಿ ಪೈಯಲ್ಲಿ ಈ ನಾಯಿಯ ತಾಳ್ಮೆ ಹೆಚ್ಚೆಂದರೆ 15 ಸೆಕೆಂಡ್. ಇನ್ನು ಕೆಲವು ಬೋರ್ಡುಗಳಲ್ಲಿ ಕರ್ನಲ್ ಏಳುವುದಕ್ಕೂ ಮೊದಲೇ ಬೂಟ್‌ಲೋಡರ್ ನಾಯಿಯನ್ನು ಬಿಚ್ಚಿರುತ್ತದೆ. ಹೊಣೆ ಹೊತ್ತ ಪ್ರೋಗ್ರಾಮು ಬರುವವರೆಗೆ ಕರ್ನಲ್ ತಾನೇ ತುತ್ತು ಹಾಕಬಲ್ಲದು. ಆದರೆ ಆ ಪ್ರೋಗ್ರಾಮು ಬರಲೇ ಇಲ್ಲವಾದರೆ? ಕರ್ನಲ್ ಎಲ್ಲಿಯವರೆಗೆ ಹಾಕಬೇಕು ಎಂಬುದಕ್ಕೂ ಒಂದು ಗಡುವು ಗೊತ್ತುಮಾಡಬಹುದು. ಗೊತ್ತುಮಾಡದಿದ್ದರೆ ಮತ್ತೆ ಮಲಗಿದ ಚಾಲಕನ ಕತೆ.

ಕರ್ನಲ್ ತನ್ನನ್ನೂ ಕಾಯ್ದುಕೊಳ್ಳುತ್ತದೆ. ಒಂದು ಡ್ರೈವರ್ ಪ್ರೊಸೆಸರನ್ನು 20 ಸೆಕೆಂಡಿಗಿಂತ ಹೆಚ್ಚು ಬಿಡದೆ ಹಿಡಿದುಕೊಂಡರೆ ‘ಸಾಫ್ಟ್ ಲಾಕಪ್’ ಎಂದು ಕೂಗುತ್ತದೆ. ನಿಜವಾಗಿಯೂ ನಿಧಾನದ ಕೆಲಸ ಮಾಡುವ ಡ್ರೈವರಿಗೆಂದು ಈ ಕಾವಲುಗಾರನ ತಲೆ ಸವರುವ ಆಜ್ಞೆಯೊಂದುಂಟು. ಅದನ್ನು ಸಿಕ್ಕಸಿಕ್ಕಲ್ಲಿ ಬರೆಯುವುದು ಕೆಟ್ಟ ಚಾಳಿ; ಕೆಲಸವನ್ನು ತುಂಡು ಮಾಡಿ ನಡುನಡುವೆ ಬೇರೆಯವರಿಗೆ ದಾರಿ ಬಿಡುವುದು ಒಳ್ಳೆಯದು. ಇಂಟೆಲ್ ಯಂತ್ರಗಳಲ್ಲಿ ಇನ್ನೂ ಗಟ್ಟಿಯಾದ ಎನ್‌ಎಂಐ ವಾಚ್‌ಡಾಗ್ ಇದೆ. ಅದು ಸಾಮಾನ್ಯವಾಗಿ ಪ್ರೊಸೆಸರಿನ ಕಾರ್ಯಕ್ಷಮತೆ ಅಳೆಯುವ ಕೌಂಟರುಗಳಲ್ಲಿ ಒಂದನ್ನು ತನಗೆ ಇಟ್ಟುಕೊಂಡುಬಿಡುತ್ತದೆ. ‘ಪರ್ಫ್’ ಸಲಕರಣೆಯಿಂದ ಅಳೆಯಲು ಕೂತವರಿಗೆ ಒಂದು ಕೌಂಟರ್ ಕಡಿಮೆ ಬೀಳುವುದು ಅದರಿಂದಲೇ. ಅಳತೆ ಮುಗಿಯುವವರೆಗೆ ಅದನ್ನು ನಿಲ್ಲಿಸಿ, ಮುಗಿದ ಕೂಡಲೇ ಮತ್ತೆ ಹಚ್ಚಿ.

ಕಡೆಯದಾಗಿ, ನಾಯಿ ಕಚ್ಚಿದ ಗುರುತು. ಆರ್ಡುಯಿನೊ ಊನೊದ ಚಿಪ್ಪಿನಲ್ಲಿ ಒಂದು ಪುಟ್ಟ ರಿಜಿಸ್ಟರ್ ಇದೆ. ಹೊಸದಾಗಿ ಆರಂಭವಾದದ್ದು ಕರೆಂಟು ಬಂದದ್ದರಿಂದಲೋ, ಗುಂಡಿ ಒತ್ತಿದ್ದರಿಂದಲೋ, ವೋಲ್ಟೇಜ್ ಇಳಿದದ್ದರಿಂದಲೋ, ವಾಚ್‌ಡಾಗಿನಿಂದಲೋ ಎಂದು ಅದು ನಾಲ್ಕು ಗುರುತಿನಲ್ಲಿ ಬರೆದಿಟ್ಟಿರುತ್ತದೆ. ಕಚ್ಚಿದ ಮೇಲೂ ಆ ಚಿಪ್ಪಿನಲ್ಲಿ ನಾಯಿ ಎಚ್ಚರವಾಗಿಯೇ ಇರುತ್ತದೆ, ಅದೂ ಸುಮಾರು 16 ಮಿಲಿಸೆಕೆಂಡಿನ ಅತಿ ಕಡಿಮೆ ತಾಳ್ಮೆಯಲ್ಲಿ. ಕೆಲವು ಹಳೆಯ ಆರ್ಡುಯಿನೊ ಬೋರ್ಡುಗಳ ಬೂಟ್‌ಲೋಡರ್ ಅಷ್ಟರಲ್ಲಿ ಕಣ್ಣುಜ್ಜಿಕೊಂಡು ಏಳುತ್ತಲೇ ಇರಲಿಲ್ಲ; ಬೋರ್ಡು ಎದ್ದು ಕಚ್ಚಿಸಿಕೊಂಡು, ಮತ್ತೆ ಎದ್ದು ಕಚ್ಚಿಸಿಕೊಂಡು, ಹೊಸ ಪ್ರೋಗ್ರಾಮು ಹಾಕಲೂ ಆಗದೆ ಬೀಳುತ್ತಿತ್ತು. ಆದ್ದರಿಂದ ಪ್ರೋಗ್ರಾಮಿನ ಮೊದಲ ಸಾಲುಗಳಲ್ಲೇ ಆ ಗುರುತನ್ನು ಓದಿ, ಎಲ್ಲಾದರೂ ಬರೆದಿಟ್ಟುಕೊಂಡು, ಆಮೇಲೆ ಅಳಿಸಿ, ನಾಯಿಯನ್ನು ನಿಲ್ಲಿಸಿ. ಈಗಿನ ಕೆಲವು ಬೂಟ್‌ಲೋಡರುಗಳು ಅದನ್ನು ನಿಮಗಿಂತ ಮೊದಲೇ ಅಳಿಸಿಬಿಟ್ಟಿರುತ್ತವೆ. ನಿಮ್ಮ ಬೋರ್ಡಿನದು ಏನು ಮಾಡುತ್ತದೆ ಎಂದು ಕೈಪಿಡಿಯಲ್ಲಿ ನೋಡಿಕೊಂಡು ಆಮೇಲೆ ನಾಯಿಯನ್ನು ಬಿಚ್ಚಿ.